ಹಿಮಬಂಡಿಯ ನಾಯಿಗಳೂ ಬಂಧವೆಂಬ ಅತಿಚಾರವೂ

ಅಮೆರಿಕದ ಲೇಖಕ ಗ್ಯಾರಿ ಪಾಲ್ಸನ್ (1939–2021) ಅವರ ‘ವುಡ್‌ಸಾಂಗ್’ ಎಂಬ ಆತ್ಮಕಥನ 1990ರಲ್ಲಿ ಪ್ರಕಟವಾಯಿತು. ಮಿನ್ನೆಸೋಟ ಸೀಮೆಯ ಉತ್ತರದ ಕಾಡುಗಳಲ್ಲಿ ನಾಯಿಗಳು ಎಳೆಯುವ ಹಿಮಬಂಡಿಯನ್ನು ನಡೆಸುತ್ತಾ ಅವರು ಕಳೆದ ವರ್ಷಗಳ ಕಥೆ ಇದು. ಆ ದೇಶದಲ್ಲಿ ಇದನ್ನು ಸಾಹಸಕಥೆಯೆಂದು ಬಾಲಕರ ಕೈಗೆ ಕೊಡುತ್ತಾರೆ. ಸಾಹಸಕ್ಕೇನೂ ಕೊರತೆಯಿಲ್ಲ. ಆದರೆ ಶ್ರಾವಕನೊಬ್ಬ ಇದನ್ನು ಓದಬೇಕಾದದ್ದು ಬೇರೊಂದು ಕಾರಣಕ್ಕೆ: ಕೊಲ್ಲುವ ವೃತ್ತಿಯಲ್ಲಿದ್ದ ಮನುಷ್ಯನೊಬ್ಬ, ಯಾವ ಗುರುವಿನ ಉಪದೇಶವೂ ಇಲ್ಲದೆ, ಒಂದು ನಾಯಿಯ ನಗುವನ್ನು ಕಂಡು ಆ ವೃತ್ತಿಯನ್ನು ತೊರೆದ ವೃತ್ತಾಂತ ಇದರಲ್ಲಿದೆ.

ಪಾಲ್ಸನ್ ಅವರು ನಾಯಿಗಳನ್ನು ಸಾಕಿದ್ದು ಪ್ರೀತಿಯಿಂದಲ್ಲ, ಬೇಟೆಗಾಗಿ. ಕಾಡಿನಲ್ಲಿ ಬೋನುಗಳನ್ನೊಡ್ಡಿ ಬೀವರ್ ಮೊದಲಾದ ಪ್ರಾಣಿಗಳನ್ನು ಹಿಡಿಯುವುದು ಅವರ ಜೀವನೋಪಾಯವಾಗಿತ್ತು. ಬೋನುಗಳ ಸಾಲನ್ನು ಸುತ್ತಿ ಬರಲು ಬಂಡಿ ಬೇಕಿತ್ತು. ಒಂದು ದಿನ ಕೊಲಂಬೈನ್ ಎಂಬ ಹೆಣ್ಣು ನಾಯಿ ತನ್ನ ಪಾಲಿನ ಎಲುಬನ್ನು ನೆರೆಯಲ್ಲಿ ಕಟ್ಟಿದ್ದ ಓಲಾಫ್ ಎಂಬ ನಾಯಿಯ ಕಡೆಗೆ ತಳ್ಳಿತು. ತಳ್ಳಿದ್ದು ಓಲಾಫ್‌ನ ಸರಪಳಿ ತಲುಪುವ ವೃತ್ತದಿಂದ ಕೊಂಚವೇ ಆಚೆಗೆ. ಓಲಾಫ್ ಜಗ್ಗಿ ಜಗ್ಗಿ ಸೋಲುವುದನ್ನು ನೋಡಿ ಕೊಲಂಬೈನ್ ನಕ್ಕಿತು ಎನ್ನುತ್ತಾರೆ ಲೇಖಕರು. ಪರಿಹಾಸ ಮಾಡಬಲ್ಲ ಜೀವಕ್ಕೆ ಮನಸ್ಸಿದೆ. ನಾಯಿಗೆ ಇದ್ದರೆ ನರಿಗೂ ತೋಳಕ್ಕೂ ಬೀವರಿಗೂ ಇದ್ದೀತು. ಹಾಗಾದರೆ ತಾನು ಇಷ್ಟು ದಿನ ಮಾಡಿದ್ದೇನು? ಈ ತರ್ಕದ ಕೊನೆಯಲ್ಲಿ ಬೋನುಗಳು ಶಾಶ್ವತವಾಗಿ ಮೂಲೆ ಸೇರಿದವು.

ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಾಯಿ ಸಂಜ್ಞಿ ಪಂಚೇಂದ್ರಿಯ ಜೀವ, ಸಮನಸ್ಕ. ಧರ್ಮದಿಂದ ನಾಯಿಯೂ ದೇವನಾದೀತೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ್ದಾರೆ. ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರವನ್ನು ಉಚ್ಚರಿಸಿದ್ದೂ, ಅದು ಸುದರ್ಶನ ಯಕ್ಷನಾಗಿ ಹುಟ್ಟಿ ಆತನಿಗೆ ನೆರವಾದದ್ದೂ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ನಾವು ಹುಟ್ಟಿನಿಂದ ಕೇಳಿಕೊಂಡು ಬಂದುದನ್ನು ಈ ಬೇಟೆಗಾರ ಕಂಡುಕೊಂಡರು. ಕೇಳಿದವನಿಗಿಂತ ಕಂಡವನ ನಂಬಿಕೆ ಗಟ್ಟಿಯೆಂದು ಒಮ್ಮೊಮ್ಮೆ ಅನಿಸುವುದುಂಟು.

ಆದರೆ ನನ್ನ ಆಕ್ಷೇಪವೂ ಇದೇ ಪ್ರಸಂಗದಿಂದ ಆರಂಭವಾಗುತ್ತದೆ. ಕೊಲಂಬೈನಿನ ಪರಿಹಾಸಕ್ಕೆ ಆಧಾರವಾದದ್ದು ಓಲಾಫ್‌ನ ಸರಪಳಿ. ಸರಪಳಿಯಿಲ್ಲದಿದ್ದರೆ ವೃತ್ತವಿಲ್ಲ, ವೃತ್ತವಿಲ್ಲದಿದ್ದರೆ ಹಾಸ್ಯವಿಲ್ಲ. ನಗುವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಲೇಖಕರು ಸರಪಳಿಯ ಮುಂದೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಐದು ಅತಿಚಾರಗಳು. ಇವುಗಳಲ್ಲಿ ಮೊದಲನೆಯದೇ ಬಂಧ. ಗೃಹಸ್ಥನು ಪಶುವನ್ನು ಕಟ್ಟಲೇಬಾರದೆಂದಲ್ಲ. ಬೆಂಕಿ ಬಿದ್ದರೆ ಬಿಡಿಸಿಕೊಳ್ಳುವಂತೆ ಸಡಿಲವಾಗಿ ಕಟ್ಟಬೇಕೆಂದು ವ್ಯಾಖ್ಯಾನಕಾರರು ಮಿತಿಯನ್ನು ಹೇಳಿದ್ದಾರೆ. ಎಳೆಯುವ ಹೊತ್ತನ್ನು ಬಿಟ್ಟು ಉಳಿದ ಹೊತ್ತೆಲ್ಲ ಗೂಟದ ಸುತ್ತ ಕಳೆಯುವ ನಾಯಿಯ ಬಾಳು ಆ ಮಿತಿಯೊಳಗೆ ಬರುವುದೆ?

ಬಂಡಿ ನಡೆಸುವವರು ಇದಕ್ಕೆ ಕೊಡುವ ಉತ್ತರ ಒಂದೇ: ಈ ನಾಯಿಗಳಿಗೆ ಓಟವೇ ಆನಂದ. ಇದು ಸುಳ್ಳಲ್ಲ. ಸ್ಟಾರ್ಮ್ ಎಂಬ ನಾಯಿಯ ಪ್ರಸಂಗ ಕೃತಿಯ ಶ್ರೇಷ್ಠ ಪುಟಗಳಲ್ಲಿ ಒಂದು. ಓಟದ ನಡುವೆ ಅದರ ದೇಹದಿಂದ ರಕ್ತ ಸುರಿಯುತ್ತಿರುವುದು ಕಂಡು ಪಾಲ್ಸನ್ ಗಾಬರಿಗೊಂಡು ಅದನ್ನು ಬಂಡಿಯೊಳಗೆ ಮಲಗಿಸುತ್ತಾರೆ. ನಾಯಿ ಒಳಗೆ ನಿಲ್ಲಲೊಲ್ಲದು, ಮರಳಿ ಎಳೆಯುವುದಕ್ಕೇ ಹಟ ಹಿಡಿಯುತ್ತದೆ. ಲೇಖಕರು ಇಲ್ಲಿ ತಮ್ಮ ಅಜ್ಞಾನವನ್ನು ಒಪ್ಪಿಕೊಳ್ಳುವ ರೀತಿ ಮೆಚ್ಚತಕ್ಕದ್ದು. ಆದರೂ ರಕ್ತ ಸುರಿಯುವಾಗಲೂ ನಿಲ್ಲಲಾರದ ಜೀವದ ಇಚ್ಛೆಯನ್ನು ಅನುಮತಿಯೆಂದು ಹೇಗೆ ಕರೆಯೋಣ? ಆ ಇಚ್ಛೆಯನ್ನು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದವನು ಮನುಷ್ಯನೇ. ಪ್ರಮತ್ತಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂಬ ಲಕ್ಷಣವನ್ನು ಒಪ್ಪುವುದಾದರೆ, ನಿಲ್ಲಿಸಬೇಕಾದ ಹೊಣೆ ಪೂರ್ತಿಯಾಗಿ ಬಂಡಿಯ ಮೇಲೆ ನಿಂತವನದು. ಪಂಚಕಲ್ಯಾಣದ ಮೆರವಣಿಗೆಗೆ ಆನೆಯನ್ನು ತರಿಸುವ ನಮ್ಮ ಆಡಳಿತ ಸಮಿತಿಗಳಿಗೂ ಈ ಮಾತು ಹೊರತಲ್ಲ. ಕಾದ ಡಾಂಬರಿನ ಮೇಲೆ ಆನೆ ತಾನಾಗಿ ನಡೆಯಿತೆಂದು ನಾವೂ ಹೇಳುತ್ತೇವೆ.

ಕೃತಿಯ ಉತ್ತರಾರ್ಧ 1983ರಲ್ಲಿ ಲೇಖಕರು ಓಡಿದ ಇಡಿಟರಾಡ್ ಸ್ಪರ್ಧೆಯ ದಿನಚರಿ. ಅಲಾಸ್ಕದ ಆಂಕರೇಜಿನಿಂದ ನೋಮ್ ಪಟ್ಟಣದವರೆಗೆ ಸುಮಾರು 1,600 ಕಿಲೋಮೀಟರ್. ಪಾಲ್ಸನ್ ಅವರಿಗೆ 17 ದಿನಗಳಿಗೂ ಮಿಕ್ಕಿ ಹಿಡಿಯಿತು. ನಿದ್ದೆಗೆಟ್ಟ ಲೇಖಕರ ಭ್ರಮೆಯಲ್ಲಿ ಕೋಟು ತೊಟ್ಟವನೊಬ್ಬ ಜೊತೆಗೂಡಿ ಶಿಕ್ಷಣ ಅನುದಾನದ ಬಗ್ಗೆ ಕೊರೆಯುವ ಭಾಗ ನಗಿಸುತ್ತದೆ. ಇದೇ ಓಟವನ್ನು ವಿಸ್ತರಿಸಿ 1994ರಲ್ಲಿ ಬರೆದ ‘ವಿಂಟರ್‌ಡಾನ್ಸ್’ ಕೃತಿಯಲ್ಲಿ, ಸ್ಪರ್ಧಿಯೊಬ್ಬ ತನ್ನ ನಾಯಿಯನ್ನು ಒದ್ದು ಕೊಂದ ದೃಶ್ಯವನ್ನು ಅವರು ಮುಚ್ಚಿಡದೆ ದಾಖಲಿಸಿದ್ದಾರೆ. ಮನುಷ್ಯರ ಪ್ರಾಣ ಉಳಿಸಲು ನಾಯಿಗಳು ಇದೇ ನೋಮ್ ಪಟ್ಟಣಕ್ಕೆ ಓಡಿದ್ದೂ ಉಂಟು: 1925ರಲ್ಲಿ ಗಂಟಲಮಾರಿ ಹಬ್ಬಿದಾಗ ಇಪ್ಪತ್ತು ಮಂದಿ ಸರದಿಯಂತೆ ಬಂಡಿ ಹೂಡಿ ಔಷಧ ತಲುಪಿಸಿದರು. ಆ ಓಟಕ್ಕೂ, 1973ರಲ್ಲಿ ಆರಂಭವಾದ ಬಹುಮಾನದ ಈ ಓಟಕ್ಕೂ ಇರುವ ಅಂತರ ಪ್ರಯೋಜನದ ಅಂತರ. ಈಗ ಕಡ್ಡಾಯ ವಿಶ್ರಾಂತಿಯಿದೆ, ದಾರಿಯುದ್ದಕ್ಕೂ ಪಶುವೈದ್ಯರಿದ್ದಾರೆ, ಪಾದಗಳಿಗೆ ಬಟ್ಟೆಯ ಚೀಲಗಳಿವೆ. ಆದರೂ 2024ರ ಸ್ಪರ್ಧೆಯಲ್ಲಿ ಮೂರು ನಾಯಿಗಳು ಸತ್ತವು.

ಇನ್ನೊಂದು ಲೆಕ್ಕವಿದೆ. ಆ ಚಳಿಯಲ್ಲಿ ಓಡುವ ನಾಯಿಗೆ ಮಾಂಸವೂ ಕೊಬ್ಬೂ ಆಹಾರ. ಬೋನು ಬಿಟ್ಟ ಕೈಯಿಂದಲೇ ಲೇಖಕರು ಅದನ್ನು ಬಡಿಸುತ್ತಾರೆ. ನಾಯಿಯ ಮನಸ್ಸನ್ನು ಕಂಡ ಕಣ್ಣು ಬಟ್ಟಲಿನಲ್ಲಿರುವುದರ ಕಡೆಗೆ ಹೊರಳಿದ್ದು ನನ್ನ ಓದಿಗೆ ತೋರಲಿಲ್ಲ.

ಇಷ್ಟಾದರೂ ಒಂದು ಪುಟಕ್ಕಾಗಿ ನಾನು ಈ ಕೃತಿಗೆ ಋಣಿ. ಮನೆಯ ಬಳಿ ಕಸ ಕೆದಕುತ್ತಿದ್ದ ಕರಡಿಗೆ ಪಾಲ್ಸನ್ ಕೋಲೊಂದನ್ನು ಎಸೆಯುತ್ತಾರೆ. ಕರಡಿ ಎದ್ದು ಅವರ ಮೇಲೆ ಬಂದು ನಿಂತು, ಏನನ್ನೂ ಮಾಡದೆ ಬಿಟ್ಟುಹೋಗುತ್ತದೆ. ಅವರು ಕೋಪದಿಂದ ಒಳಗೋಡಿ ಬಂದೂಕು ತಂದು ಗುರಿ ಹಿಡಿಯುತ್ತಾರೆ. ತಪ್ಪು ತನ್ನದು, ಕ್ಷಮಿಸಿದ್ದು ಕರಡಿ ಎಂಬುದು ಆ ಕ್ಷಣದಲ್ಲಿ ಹೊಳೆದು ಬಂದೂಕು ಕೆಳಗಿಳಿಯುತ್ತದೆ. ಬಸದಿಯ ಪಾಠಶಾಲೆಗಳಲ್ಲಿ ಕ್ರೋಧಕಷಾಯದ ಪಾಠಕ್ಕೆ ಉದಾಹರಣೆ ಹುಡುಕುವವರು ಈ ಭಾಗವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಆರಂಭದಲ್ಲಿ ತೋಳಗಳು ಹೆಣ್ಣು ಜಿಂಕೆಯನ್ನು ಕೊಲ್ಲುವ ದೃಶ್ಯ ಮಾತ್ರ ಬಹಳ ಘೋರವಾಗಿದೆ. ಚಿಕ್ಕ ಮಕ್ಕಳಿಗೆ ಓದಿಸುವ ಹಿರಿಯರು ಮೊದಲು ತಾವು ನೋಡಿಕೊಳ್ಳುವುದು ಒಳಿತು.