ಪಂಜರದ ಹಕ್ಕಿಯ ಸ್ವಭಾವವೂ ವಂಶವಾಹಿಯೂ

ವಂಶವಾಹಿಯೆಂಬುದು ಕರ್ಮದ ಆಧುನಿಕ ಹೆಸರೆಂದು ನಮ್ಮ ಸಮಾಜದ ಕೆಲವು ವಿದ್ಯಾವಂತರು ಸಭೆಗಳಲ್ಲಿ ಹೇಳುವುದುಂಟು. ಹಕ್ಕಿಗಳ ಸ್ವಭಾವವನ್ನು ಕುರಿತ ಸಂಶೋಧನೆಯನ್ನು ಅದಕ್ಕೆ ದೃಷ್ಟಾಂತವಾಗಿ ಕೊಡುತ್ತಾರೆ. ಆ ಸಂಶೋಧನೆ ಹೇಳುವುದೇನೆಂಬುದನ್ನು ಪರಾಮರ್ಶಿಸುವುದು ಯುಕ್ತ.

ನೆದರ್ಲೆಂಡ್ಸಿನ ವಿಜ್ಞಾನಿಗಳು ನಮ್ಮ ಚೇಕಡಿ ಹಕ್ಕಿಯ ಬಂಧುವಾದ ಗ್ರೇಟ್ ಟಿಟ್ ಹಕ್ಕಿಗಳನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು, ಯಾವುದು ಧೈರ್ಯವಾಗಿ ಸುತ್ತಾಡುತ್ತದೆ, ಯಾವುದು ಹಿಂಜರಿಯುತ್ತದೆ ಎಂದು ಅಳೆದರು. ಧೀರವಾದವನ್ನು ಧೀರವಾದವುಗಳೊಡನೆ, ಅಂಜುವವನ್ನು ಅಂಜುವವುಗಳೊಡನೆ ನಾಲ್ಕು ತಲೆಮಾರು ಕೂಡಿಸಿ, ಈ ಸ್ವಭಾವಭೇದದಲ್ಲಿ ಶೇ. 54ರಷ್ಟು ಆನುವಂಶಿಕವೆಂದು 2003ರಲ್ಲಿ ಪ್ರಕಟಿಸಿದರು. ಡಿಆರ್‌ಡಿ4 ಎಂಬ ಒಂದು ವಂಶವಾಹಿಗೂ ಇದಕ್ಕೂ ನಂಟಿದೆಯೆಂದು 2007ರಲ್ಲಿ ವರದಿಯಾಯಿತು. ದೃಷ್ಟಾಂತ ಕೊಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಾಲ್ಕು ಕಡೆಯ ಕಾಡುಹಕ್ಕಿಗಳನ್ನು ಪರೀಕ್ಷಿಸಿದ 2010ರ ಅಧ್ಯಯನದಲ್ಲಿ ಆ ನಂಟು ಕಂಡುಬಂದದ್ದು ಒಂದು ಕಡೆ ಮಾತ್ರ. ಅಲ್ಲಿಯೂ ಅದು ವಿವರಿಸಿದ್ದು ಶೇ. 6ಕ್ಕಿಂತ ಕಡಿಮೆ ಭಾಗವನ್ನು. ನೂರು ರೂಪಾಯಿಯ ಖರ್ಚಿಗೆ ಆರು ರೂಪಾಯಿಯ ರಸೀದಿ ತಂದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಕರ್ಮಸಿದ್ಧಾಂತಕ್ಕೆ ಇಂಥ ಊರುಗೋಲು ಬೇಕಿಲ್ಲ. ಕರ್ಮವು ಜೀವ ತಾನೇ ಕಟ್ಟಿಕೊಂಡದ್ದು. ವಂಶವಾಹಿ ತಂದೆತಾಯಿಗಳಿಂದ ಬಂದದ್ದು.

ಈ ಪ್ರಶ್ನೆ ಬರಿಯ ತರ್ಕದ್ದೂ ಅಲ್ಲ. ಹವಾಯಿಯ ಅಲಲಾ ಎಂಬ ಕಾಗೆ 2002ರ ವೇಳೆಗೆ ಕಾಡಿನಲ್ಲಿ ಅಳಿದು ಪಂಜರಗಳಲ್ಲಿ ಮಾತ್ರ ಉಳಿಯಿತು. 2016ರಿಂದ 2019ರವರೆಗೆ 30 ಕಾಗೆಗಳನ್ನು ಹವಾಯಿ ದ್ವೀಪದ ಕಾಡಿಗೆ ಬಿಟ್ಟರು. ಮೊದಲ ತಂಡದ ಐದರಲ್ಲಿ ಮೂರು ಕೆಲವೇ ದಿನಗಳಲ್ಲಿ ಸತ್ತವು. ಮುಂದಿನವುಗಳಿಗೆ ‘ಇಯೋ’ ಗಿಡುಗನಿಗೆ ಅಂಜುವುದನ್ನು ಪಾಠದಂತೆ ಕಲಿಸಿ ಬಿಟ್ಟರೂ ಹಲವು ಅದಕ್ಕೇ ಬಲಿಯಾದವು. ಉಳಿದ ಐದನ್ನು 2020ರಲ್ಲಿ ಮರಳಿ ಪಂಜರಕ್ಕೆ ತಂದರು. 2024ರಲ್ಲಿ, ಆ ಗಿಡುಗ ನೆಲಸದ ಮೌಯಿ ದ್ವೀಪದಲ್ಲಿ ಬೇರೆ ಐದನ್ನು ಬಿಡಲಾಯಿತು.

ಅಂಜದ ಹಕ್ಕಿ ಪಂಜರದಲ್ಲಿ ಸುಲಭವಾಗಿ ಮರಿಮಾಡಬಹುದು, ಅಂಜುವುದು ಸೊರಗಬಹುದು. ಯಾರೂ ಆರಿಸದಿದ್ದರೂ ಪಂಜರವೇ ಆರಿಸುತ್ತ ಹೋಗುತ್ತದೆ. ಸಂಶೋಧಕರ ಈ ಆತಂಕ ನ್ಯಾಯವಾದದ್ದು. ಆದರೆ ಒಂದು ವಂಶವಾಹಿಯನ್ನು ನೋಡಿ ಇದು ಬಿಡತಕ್ಕದ್ದು, ಇದು ಇಡತಕ್ಕದ್ದು ಎಂದು ವಿಂಗಡಿಸಲು ಮೇಲೆ ಹೇಳಿದ ಆರು ಪಾಲು ಸಾಲದು. ಒಂಬತ್ತೇ ಮೂಲಹಕ್ಕಿಗಳಿಂದ ಬಂದ ಕುಲವನ್ನು ಅದು ಇನ್ನೂ ಕಿರಿದಾಗಿಸೀತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವನ್ನೇ ಮೊದಲು ಎಣಿಸುತ್ತದೆ. ಕುಲ ಅಳಿಯದಿರಲೆಂದು ಹಿಡಿದಿಡುವುದರ ಸಂಕಲ್ಪ ಬೇರೆಯೆಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಬಿಡುಗಡೆ ಗುರಿಯಾಗಿರುವವರೆಗೆ ಮಾತ್ರ.

ಬಿಡುಗಡೆಯ ಮಾತು ಬಂದುದರಿಂದ ಇನ್ನೊಂದು ವಿಷಯ. ಜೀವದಯೆಯೆಂದು ಪರ್ವದಿನಗಳಲ್ಲಿ ಸಂತೆಯಿಂದ ಹಕ್ಕಿ ಕೊಂಡು ಹಾರಿಬಿಡುವ ರೂಢಿ ಕೆಲವೆಡೆ ಇದೆ. ಪಂಜರದಲ್ಲೇ ಹುಟ್ಟಿದ್ದಾದರೆ ಅದು ಬದುಕುವುದು ಕಷ್ಟ. ಕಾಡಿನಿಂದ ಹಿಡಿದದ್ದಾದರೆ ಹಣ ಬೇಡನಿಗೇ ಸೇರುತ್ತದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ವಿರುದ್ಧ. ದಶಲಕ್ಷಣ ಪರ್ವದ ಆಯವ್ಯಯ ಬರೆಯುವಾಗ ಟ್ರಸ್ಟಿಗಳು ಈ ಬಾಬನ್ನು ತೆಗೆದು, ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯದ ಮಾದರಿಯಲ್ಲಿ ಗಾಯಗೊಂಡ ಹಕ್ಕಿಗಳ ಶುಶ್ರೂಷೆಗೆ ಆ ಹಣವನ್ನು ಇಡಬಹುದು.