ಜಾಣ ಥರ್ಮೋಸ್ಟಾಟ್: ಜಾಣತನ ಯಾರದು?

ಜಾಣ ಥರ್ಮೋಸ್ಟಾಟ್ ಕುರಿತ ನಮ್ಮ ಲೇಖನಗಳಲ್ಲಿ ಒಂದು ಕೊರತೆಯಿದೆ. ಚಳಿನಾಡಿನ ಮನೆಗಳ ಲೆಕ್ಕವನ್ನು ಅವು ಹಾಗೆಯೇ ಇಲ್ಲಿಗೆ ತರುತ್ತವೆ. ಗೋವಿನಕೋವಿಯಂಥ ಊರಿನಲ್ಲಿ ಮನೆ ಬೆಚ್ಚಗಿಡುವ ಯಂತ್ರವೇ ಬೇಕಿಲ್ಲ. ಥರ್ಮೋಸ್ಟಾಟ್ ಇರುವುದು ಇಸ್ತ್ರಿಪೆಟ್ಟಿಗೆ, ಫ್ರಿಜ್, ಗೀಸರ್‌ಗಳಲ್ಲಿ. ಜಾಣ ಸಾಧನ ಉಳಿಸುವುದು ಮುಖ್ಯವಾಗಿ ಜನರಿಲ್ಲದ ಹೊತ್ತಿನಲ್ಲಿ. ಮನೆಯಲ್ಲಿ ಸದಾ ಅಜ್ಜಿ, ಮೊಮ್ಮಕ್ಕಳಿದ್ದರೆ ಅದಕ್ಕೇನು ಕೆಲಸ?

ನೆನಪಿಡಿ, ಥರ್ಮೋಸ್ಟಾಟ್ ಮೂಲತಃ ಒಂದು ಸ್ವಿಚ್. ಉಳಿತಾಯದ ಗುಟ್ಟು ತಾಪವ್ಯತ್ಯಾಸದಲ್ಲಿದೆ. ಹೊರಗೆ 34° ಸೆ. ಇರುವಾಗ ಏಸಿಯನ್ನು 20ರ ಬದಲು 24ಕ್ಕಿಟ್ಟರೆ ವ್ಯತ್ಯಾಸ 14ರಿಂದ 10ಕ್ಕಿಳಿಯುತ್ತದೆ. ಗೋಡೆಯ ಮೂಲಕ ಒಳಬರುವ ಉಷ್ಣವೂ ಸುಮಾರು ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಸ್ಟಾರ್ ಪಟ್ಟಿಯ ಏಸಿಗಳು 24° ಸೆ.ನಲ್ಲೇ ಆರಂಭವಾಗಬೇಕೆಂಬ ನಿಯಮ 2020ರ ಜನವರಿಯಲ್ಲಿ ಜಾರಿಗೆ ಬಂದದ್ದು ಇದಕ್ಕೇ. ಶಿಕ್ಷಕರೇ, ತರಗತಿಯಲ್ಲಿ ಸಾಧನದ ಹೆಸರಿಗಿಂತ ಮೊದಲು ಈ ವ್ಯವಕಲನವನ್ನು ಕಲಿಸಿ.