ಸೋಲ್ನಾ ನಿಲ್ದಾಣದ ಭಿತ್ತಿಚಿತ್ರ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದ ಸುರಂಗ ರೈಲುಮಾರ್ಗವು 1950ರಲ್ಲಿ ಪ್ರಾರಂಭವಾಯಿತು. 1957ರಿಂದೀಚೆಗೆ ಅದರ ನಿಲ್ದಾಣಗಳನ್ನು ಕಲಾವಿದರಿಂದ ಅಲಂಕರಿಸುವ ಪದ್ಧತಿಯು ಬೆಳೆದುಬಂದಿದೆ. ನಗರಕ್ಕೆ ಹೊಂದಿಕೊಂಡಿರುವ ಸೋಲ್ನಾ ಎಂಬ ಉಪನಗರದ ‘ಸೋಲ್ನಾ ಸೆಂಟ್ರುಮ್’ ನಿಲ್ದಾಣವು 1975ರಲ್ಲಿ ತೆರೆಯಿತು. ಆಂಡರ್ಸ್ ಓಬೆರಿ, ಕಾರ್ಲ್-ಊಲೊವ್ ಬ್ಯೋರ್ಕ್ ಎಂಬಿಬ್ಬರು ಅಲ್ಲಿ ರಚಿಸಿದ ಚಿತ್ರವು ಸಾರ್ವಜನಿಕ ಕಲೆಯಲ್ಲಿ ಔಚಿತ್ಯವೆಂದರೇನೆಂಬ ಪ್ರಶ್ನೆಯನ್ನೇ ಎತ್ತುವಂತಹುದು.

ಬಂಡೆಯನ್ನು ಕೊರೆದು, ಅದರ ಒರಟು ಮೈಗೆ ಕಾಂಕ್ರೀಟನ್ನು ಸಿಂಪಡಿಸಿ ಹಾಗೆಯೇ ಬಿಟ್ಟಿರುವುದರಿಂದ ನಿಲ್ದಾಣವು ಗುಹೆಯನ್ನು ಹೋಲುತ್ತದೆ. ಮೇಲೆಲ್ಲ ಕೆಂಪು ಆಕಾಶ. ಕೆಳಗೆ ಸುಮಾರು 1,000 ಮೀಟರುಗಳುದ್ದಕ್ಕೂ ಹಸುರು ಸ್ಪ್ರೂಸ್ ಮರಗಳ ಕಾಡು. ನಡುನಡುವೆ ಮರ ಕಡಿಯುವುದೇ ಮೊದಲಾದ ಸಣ್ಣ ದೃಶ್ಯಗಳು. ಹಳ್ಳಿಗಳು ಬರಿದಾಗುವುದೂ ಪ್ರಕೃತಿಯ ನಾಶವೂ ಆ ದಶಕದಲ್ಲಿ ಅಲ್ಲಿನ ಜನರ ಚರ್ಚೆಗೆ ಮುಖ್ಯ ವಿಷಯಗಳಾಗಿದ್ದವು. ಚಿತ್ರದ ವಸ್ತುವೂ ಅದೇ.

ನಗರವನ್ನು ಹಬ್ಬಿಸುವ ಸಾಧನವೇ ರೈಲುಮಾರ್ಗ. ಅದರ ಗೋಡೆಯ ಮೇಲೆ ಹಳ್ಳಿಯ ಅಳಿವಿಗಾಗಿ ಶೋಕಿಸುವುದು ಅಸಂಗತವಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಈ ಮಾತು ಯಾರಿಗೆ ತಲುಪಬೇಕೋ ಅವರು ನಿತ್ಯವೂ ಹಾದುಹೋಗುವ ಸ್ಥಳವಿದು. ಅದೇ ಮಾರ್ಗದ ಕೇಂದ್ರ ನಿಲ್ದಾಣದಲ್ಲಿ ಪರ್ ಊಲೊಫ್ ಉಲ್ಟ್‌ವೆಟ್ ಎಂಬ ಕಲಾವಿದನು ಜನಸಂದಣಿಯ ಮನಸ್ಸು ತಣಿಯಲೆಂದು ನೀಲವರ್ಣವನ್ನು ಬಳಸಿದನು. ಸೋಲ್ನಾದ ಕೆಂಪು ಸಮಾಧಾನಗೊಳಿಸುವುದಿಲ್ಲ, ಎಚ್ಚರಿಸುತ್ತದೆ. ಸಂಜೆಯ ಬಾನೋ ಕಾಳ್ಗಿಚ್ಚೋ ಎಂಬ ಸಂದೇಹದಲ್ಲಿಯೇ ಅದರ ಧ್ವನಿಯಿದೆ. ಅವಸರದಲ್ಲಿ ಓಡುವವನಿಗೆ ಎರಡೇ ಬಣ್ಣಗಳು ಸಾಕು. ರೈಲಿಗಾಗಿ ಕಾದು ನಿಲ್ಲುವವನಿಗೆ ಸಣ್ಣ ದೃಶ್ಯಗಳು ದಿನಕ್ಕೊಂದರಂತೆ ತೆರೆದುಕೊಳ್ಳುತ್ತವೆ.

ದೋಷವೂ ಇಲ್ಲದಿಲ್ಲ. ಬಿಡಿ ದೃಶ್ಯಗಳಲ್ಲಿ ಕೆಲವು ಕಥೆ ಹೇಳುವ ಆತುರದಿಂದ ಒಟ್ಟಂದವನ್ನು ಒಡೆಯುತ್ತವೆ. ಕಾಡಿನ ಮೌನವು ಹೇಳಿರುವುದನ್ನೇ ಅವು ಮತ್ತೆ ಬಿಡಿಸಿ ಹೇಳುತ್ತವೆ. ಅಲ್ಲದೆ, ವರ್ಣದ ಸೊಗಸಿಗೆ ಮರುಳಾಗಿ ಛಾಯಾಚಿತ್ರ ತೆಗೆಯಲು ಬರುವ ಪ್ರವಾಸಿಗೆ ಕರುಣ, ಭಯಾನಕಗಳು ಮರೆಯಾಗಿ ಅದ್ಭುತವೊಂದೇ ಉಳಿಯುವ ಅಪಾಯವುಂಟು. ಚೆಲುವು ಹೆಚ್ಚಿದಷ್ಟೂ ದೂರು ಕೇಳಿಸದಾಗುವುದು ಇಂತಹ ಕೃತಿಗಳಿಗೆ ತಪ್ಪದ ಸಂಕಟ.

ಆದರೂ ಇದು ಕೇವಲ ಅಲಂಕಾರವಲ್ಲ. ಓಬೆರಿಯು ಮುಂದೆ ನೂರ್ಡಿಂಗ್ರೋ ಎಂಬ ದೂರದ ಹಳ್ಳಿಗಾಡಿನಲ್ಲಿ ‘ಮನ್ನಮಿನ್ನೆ’ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಕಟ್ಟಿದನೆಂಬುದು ಈ ಕಾಳಜಿ ತೋರಿಕೆಯದಲ್ಲವೆಂಬುದಕ್ಕೆ ಸಾಕ್ಷಿ. ತನ್ನ ಪ್ರಗತಿಯನ್ನು ಪ್ರಶ್ನಿಸುವ ಚಿತ್ರಕ್ಕೆ ತನ್ನ ಗೋಡೆಯನ್ನೇ ಬಿಟ್ಟುಕೊಟ್ಟ ಪೌರಸಮಾಜವೂ ಪ್ರಶಂಸಾರ್ಹವೇ ಸರಿ.